ಗಣಿತದ ಪೆಟ್ಟಿಗೆಯೊಂದಿಗೆ ಎರಡು ವರ್ಷ: ತರಗತಿಯೊಳಗಿಂದ ಒಂದು ವಿಮರ್ಶೆ

ಎರಡು ಶೈಕ್ಷಣಿಕ ವರ್ಷಗಳಿಂದ ನನ್ನ ತರಗತಿಯ ಬೀರುವಿನ ಪಕ್ಕದಲ್ಲಿ ಗಣಿತ ಕಲಿಕೋಪಕರಣಗಳ ಎರಡು ಪೆಟ್ಟಿಗೆಗಳಿವೆ. 2023ರ ಜೂನ್‌ನಲ್ಲಿ, ಶಾಲೆ ಆರಂಭವಾದ ವಾರದಲ್ಲೇ, ನಮ್ಮಲ್ಲಿ ಓದಿ ಬೆಂಗಳೂರು ಸೇರಿದ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ಅವನ್ನು ಕೊಡಿಸಿದರು. ನಾನು ತುಮಕೂರು ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ 4 ಮತ್ತು 5ನೇ ತರಗತಿಗಳಿಗೆ ಗಣಿತ ಕಲಿಸುತ್ತೇನೆ. ಎರಡೂ ತರಗತಿ ಸೇರಿದರೆ ಮೂವತ್ತರ ಆಸುಪಾಸಿನ ಮಕ್ಕಳು. ಒಂದು ಪೆಟ್ಟಿಗೆಗೆ ಸುಮಾರು ಐದು ಸಾವಿರ ರೂಪಾಯಿ ಆಯಿತೆಂದು ಕೊಟ್ಟವರು ಹೇಳಿದ್ದರು. ಆ ಹಣಕ್ಕೆ ತಕ್ಕ ಪ್ರಯೋಜನ ಆಯಿತೇ, ಯಾವ ವಸ್ತು ಮಕ್ಕಳ ಕೈಯಲ್ಲಿ ಸವೆಯಿತು, ಯಾವುದು ಪೆಟ್ಟಿಗೆಯ ತಳದಲ್ಲೇ ಉಳಿಯಿತು ಎಂಬುದನ್ನು ಇಂಥದೇ ಪೆಟ್ಟಿಗೆ ಕೊಳ್ಳಬೇಕೆಂದಿರುವ ಶಿಕ್ಷಕರಿಗೂ ಪೋಷಕರಿಗೂ ತಿಳಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಹೇಳುವುದಿಲ್ಲ. ಹೆಚ್ಚುಕಡಿಮೆ ಇವೇ ವಸ್ತುಗಳನ್ನು ಹಲವರು ತಯಾರಿಸಿ ಮಾರುತ್ತಾರೆ, ಕೊಳ್ಳುವವರು ನೋಡಬೇಕಾದದ್ದು ಒಳಗಿನ ಸಾಮಾನನ್ನು.

ಇಂಥ ಉಪಕರಣಗಳು ಕರ್ನಾಟಕದ ಶಾಲೆಗಳಿಗೆ ಹೊಸತಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಒಂದರಿಂದ ಮೂರನೇ ತರಗತಿಯವರೆಗಿನ ಕಲಿಕೆಯನ್ನು ಮೆಟ್ಟಿಲುಗಳಾಗಿ ಜೋಡಿಸಿ, ಚಟುವಟಿಕೆಯನ್ನೇ ಪಾಠವಾಗಿಸಿತು. ಅಕ್ಷರ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆ ರಾಜ್ಯ ಸರ್ಕಾರದೊಂದಿಗೆ ನಡೆಸಿದ ಗಣಿತ ಕಲಿಕಾ ಆಂದೋಲನ 4 ಮತ್ತು 5ನೇ ತರಗತಿಗಳಿಗೆ ಉಪಕರಣಗಳ ಪೆಟ್ಟಿಗೆಯನ್ನೂ ಶಿಕ್ಷಕರಿಗೆ ತರಬೇತಿಯನ್ನೂ ತಂದಿತು. ಅದರ ಜೊತೆಗೆ ಬಂದ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳಿಂದಾಗಿ ಮಕ್ಕಳು ಗುಣಾಕಾರ, ಭಾಗಾಕಾರದಲ್ಲಿ ಎಲ್ಲಿದ್ದಾರೆ ಎಂಬುದು ಮೊದಲ ಬಾರಿಗೆ ಊರಿನವರೆದುರು ಚರ್ಚೆಗೆ ಬಂತು. ಆದ್ದರಿಂದ ಪೆಟ್ಟಿಗೆ ಬಂದಾಗ ನನಗೆ ವಸ್ತುಗಳ ಪರಿಚಯವಿತ್ತು. ಪರಿಚಯವಿಲ್ಲದೆ ಇದ್ದದ್ದು ಅವನ್ನು ಯಾವ ತಪ್ಪಿಗೆ, ಯಾವ ಹಂತದಲ್ಲಿ, ಎಷ್ಟು ದಿನ ಬಳಸಬೇಕೆಂಬ ಕ್ರಮ. ಮೊದಲ ಮೂರು ತಿಂಗಳು ಪೆಟ್ಟಿಗೆಯ ಕೈಪಿಡಿಯನ್ನು ಪುಟದಿಂದ ಪುಟಕ್ಕೆ ಅನುಸರಿಸಿದೆ. ಮಕ್ಕಳು ಸಂತೋಷಪಟ್ಟರು, ನೋಟ್‌ಬುಕ್ಕಿನಲ್ಲಿ ಅವೇ ತಪ್ಪುಗಳು ಉಳಿದವು. ಅಲ್ಲಿಂದಾಚೆಗೆ ಕೈಪಿಡಿಯನ್ನು ಪಕ್ಕಕ್ಕಿಟ್ಟು ಮಕ್ಕಳ ನೋಟ್‌ಬುಕ್ಕುಗಳನ್ನೇ ಕೈಪಿಡಿಯನ್ನಾಗಿ ಮಾಡಿಕೊಂಡೆ. ಮುಂದೆ ಬರೆದಿರುವುದೆಲ್ಲ ಆ ಬದಲಾವಣೆಯ ನಂತರದ ಅನುಭವ.

ಪೆಟ್ಟಿಗೆಯಲ್ಲಿ ಇರುವುದು ಇಷ್ಟು: ಬಿಡಿ ಘನಗಳು, ಹತ್ತರ ಕಂಬಿಗಳು ಮತ್ತು ನೂರರ ಫಲಕಗಳು, ಸ್ಥಾನಬೆಲೆ ಪಟ್ಟಿಗಳು, ಮಣಿಗಳ ಅಬ್ಯಾಕಸ್, ಭಿನ್ನರಾಶಿ ಪಟ್ಟಿಗಳು ಮತ್ತು ವೃತ್ತದ ತುಂಡುಗಳು, ತಕ್ಕಡಿ, ರಬ್ಬರ್‌ಬ್ಯಾಂಡ್ ಸುತ್ತಿ ಆಕೃತಿ ಮಾಡುವ ಮೊಳೆ ಹಲಗೆ, ಗಡಿಯಾರ, ಕೋನಮಾಪಕ, ಅಳತೆ ಟೇಪು, ಆಟದ ನೋಟು-ನಾಣ್ಯಗಳು, ದಾಳಗಳು.

ಇವುಗಳಲ್ಲಿ ಐದು ಸಾವಿರ ರೂಪಾಯಿಯ ಬಹುಪಾಲನ್ನು ತೀರಿಸಿದ್ದು ಬಿಡಿ ಘನ, ಕಂಬಿ ಮತ್ತು ಫಲಕಗಳ ಗುಂಪು. ಹಂಗೇರಿ ಮೂಲದ ಗಣಿತಜ್ಞ ಜೋಲ್ಟಾನ್ ಡೀನ್ಸ್ ಅವರ ಹೆಸರಿನಲ್ಲಿ ಇವು ಪ್ರಪಂಚದಾದ್ಯಂತ ಪ್ರಸಿದ್ಧವಾಗಿವೆ. ಒಂದು ಸೆಂಟಿಮೀಟರಿನ ಘನ ಒಂದು ಬಿಡಿ, ಅಂಥ ಹತ್ತು ಸೇರಿದಷ್ಟು ಉದ್ದದ ಕಂಬಿ ಒಂದು ಹತ್ತು, ಹತ್ತು ಕಂಬಿಗಳಷ್ಟು ಅಗಲದ ಫಲಕ ಒಂದು ನೂರು. ಗಾತ್ರವೇ ಬೆಲೆಯನ್ನು ಹೇಳುವುದರಿಂದ, ನೂರು ಹತ್ತಕ್ಕಿಂತ ಎಷ್ಟು ದೊಡ್ಡದೆಂದು ಮಗು ಕೈಯಲ್ಲಿ ಹಿಡಿದೇ ಅರಿಯುತ್ತದೆ.

ನಾಲ್ಕನೇ ತರಗತಿಯ ಹುಡುಗಿಯೊಬ್ಬಳು 52ರಿಂದ 27 ಕಳೆದು 35 ಎಂದು ಬರೆದಿದ್ದಳು. ಇದು ಅವಳೊಬ್ಬಳ ತಪ್ಪಲ್ಲ. ಪ್ರತಿಯೊಂದು ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆಯುವ ಈ ಅಭ್ಯಾಸವನ್ನು ಅಮೆರಿಕದ ಬ್ರೌನ್ ಮತ್ತು ಬರ್ಟನ್ ಎಂಬ ಸಂಶೋಧಕರು 1978ರಲ್ಲೇ ವಿವರವಾಗಿ ದಾಖಲಿಸಿದ್ದಾರೆ. ಮಕ್ಕಳು ಮನಸ್ಸಿಗೆ ಬಂದಂತೆ ತಪ್ಪು ಮಾಡುವುದಿಲ್ಲ, ತಮ್ಮದೇ ಒಂದು ನಿಯಮವನ್ನು ಕಟ್ಟಿಕೊಂಡು ಅದನ್ನು ನಿಷ್ಠೆಯಿಂದ ಪಾಲಿಸುತ್ತಾರೆ ಎಂಬುದನ್ನು ಅವರು ತೋರಿಸಿದರು. ನಾನು ಕಾರಣ ಕೇಳಿದಾಗ ಆ ಹುಡುಗಿಯೂ ಹಾಗೆಯೇ ಉತ್ತರ ಕೊಟ್ಟಳು: “ಎರಡ್ರಲ್ಲಿ ಏಳು ಹೋಗಲ್ಲ ಮಿಸ್, ಅದಕ್ಕೇ ಏಳ್ರಲ್ಲಿ ಎರಡು ಕಳೆದೆ.”

ಐದು ಕಂಬಿ, ಎರಡು ಬಿಡಿ ಘನಗಳನ್ನು ಅವಳ ಮುಂದಿಟ್ಟು, “ಇದರಲ್ಲಿ ಇಪ್ಪತ್ತೇಳು ನನಗೆ ಕೊಡಮ್ಮ” ಎಂದೆ. ಅವಳು ಮೊದಲು ಎರಡು ಕಂಬಿ ಕೊಟ್ಟಳು. ನಂತರ ಇದ್ದ ಎರಡೂ ಬಿಡಿ ಘನಗಳನ್ನು ಕೊಟ್ಟಳು. ಆಮೇಲೆ ಕೈ ನಿಂತಿತು. ಉಳಿದ ಮೂರು ಕಂಬಿಗಳಲ್ಲಿ ಒಂದನ್ನೆತ್ತಿ ಎರಡೂ ತುದಿ ಹಿಡಿದು ಬಾಗಿಸಲು ನೋಡಿ, “ಇನ್ನೂ ಐದು ಬೇಕು, ಆದ್ರೆ ಇದು ಮುರಿಯಲ್ಲ ಮಿಸ್” ಎಂದಳು. ಅಂಗಡಿಯವನ ಹತ್ತಿರ ಚಿಲ್ಲರೆ ಇಲ್ಲದಿದ್ದರೆ ಏನು ಮಾಡುತ್ತಾನೆ ಎಂದು ಕೇಳಿದೆ. ಪಕ್ಕದಲ್ಲಿ ಕುಳಿತಿದ್ದ ಹುಡುಗ ಅವಳಿಗಿಂತ ಮೊದಲೇ “ನೋಟು ಮುರಿಸ್ಕೊಂಡು ಬರ್ತಾನೆ” ಎಂದ. ಅವಳು ಒಂದು ಕಂಬಿಯನ್ನು ಪೆಟ್ಟಿಗೆಗೆ ಹಾಕಿ, ಹತ್ತು ಬಿಡಿ ಘನಗಳನ್ನು ಎಣಿಸಿ ತಂದು, ಐದು ಕೊಟ್ಟು, ಉಳಿದದ್ದನ್ನು ನೋಡಿದಳು: ಎರಡು ಕಂಬಿ, ಐದು ಬಿಡಿ. ನೋಟ್‌ಬುಕ್ಕಿನ 35ನ್ನು ತಾನಾಗಿಯೇ ಅಳಿಸಿದಳು.

ಈ ಐದು ನಿಮಿಷದಲ್ಲಿ ನಾನು ಕಲಿತದ್ದು ಎರಡು. ಮೊದಲನೆಯದು ಮಾತಿಗೆ ಸಂಬಂಧಿಸಿದ್ದು. ‘ಪಕ್ಕದ ಮನೆಯಿಂದ ಸಾಲ ತರುವುದು’ ಎಂದು ನಾವೆಲ್ಲ ವರ್ಷಗಟ್ಟಲೆ ಹೇಳಿಕೊಟ್ಟಿದ್ದೇವೆ. ಸಾಲವೆಂದ ಮೇಲೆ ತೀರಿಸಬೇಕು, ಇಲ್ಲಿ ತೀರಿಸುವುದು ಏನೂ ಇಲ್ಲ. ಒಂದು ಸಾಲ ತಂದರೆ ಹತ್ತು ಹೇಗಾಯಿತು ಎಂಬುದಕ್ಕೂ ಆ ಮಾತಿನಲ್ಲಿ ಉತ್ತರವಿಲ್ಲ. ‘ಮುರಿಸುವುದು’ ಎಂಬ ಮಾತಿನಲ್ಲಿ ಮೊತ್ತ ಬದಲಾಗದೆ ರೂಪ ಮಾತ್ರ ಬದಲಾಗುತ್ತದೆ ಎಂಬ ಗಣಿತದ ತಿರುಳೇ ಇದೆ, ಹತ್ತು ರೂಪಾಯಿ ಮುರಿಸಿದ ಪ್ರತಿ ಮಗುವಿಗೂ ಅದು ಗೊತ್ತಿದೆ. ಅಂದಿನಿಂದ ನಮ್ಮ ತರಗತಿಯಲ್ಲಿ ದಶಕ ಸಹಿತ ವ್ಯವಕಲನಕ್ಕೆ ‘ಕಂಬಿ ಮುರಿಸೋ ಲೆಕ್ಕ’ ಎಂದೇ ಹೆಸರು.

ಎರಡನೆಯದು ಕೈಪಿಡಿಯ ದೊಡ್ಡ ಕೊರತೆಯನ್ನು ತೋರಿಸಿತು. ಆ ಹುಡುಗಿ ಕೈಯಿಂದ ಲೆಕ್ಕ ಮಾಡುವಾಗ ಹತ್ತರಿಂದ ಆರಂಭಿಸಿದಳು, ಬರವಣಿಗೆಯ ಕ್ರಮ ಬಿಡಿಯಿಂದ ಆರಂಭವಾಗುತ್ತದೆ. ವಸ್ತುವಿನಲ್ಲಿ ಮಾಡಿದ್ದಕ್ಕೂ ನೋಟ್‌ಬುಕ್ಕಿನಲ್ಲಿ ಬರೆಯುವುದಕ್ಕೂ ಹೊಂದಾಣಿಕೆ ಇಲ್ಲದಿದ್ದರೆ, ಮಗು ಅವನ್ನು ಎರಡು ಬೇರೆ ಬೇರೆ ಕೆಲಸಗಳೆಂದು ತಿಳಿಯುತ್ತದೆ. ಆಟವಾಡುವಾಗ 25, ಬರೆಯುವಾಗ ಮತ್ತೆ 35. ಮೊದಲ ಮೂರು ತಿಂಗಳು ನನ್ನ ತರಗತಿಯಲ್ಲಿ ಆದದ್ದು ಇದೇ. ಕೈಪಿಡಿ ಈ ವಿಷಯಕ್ಕೆ ಒಂದೇ ಪುಟ ಕೊಟ್ಟು, ಹತ್ತನ್ನು ಬಿಡಿಗಳಾಗಿ ಬದಲಿಸಲು ಹೇಳಿ, ಅಲ್ಲಿಂದ ನೇರವಾಗಿ ಅಭ್ಯಾಸದ ಲೆಕ್ಕಗಳಿಗೆ ಹೋಗುತ್ತದೆ. ನಾನು ಅದನ್ನು ಮೂರು ವಾರಗಳಿಗೆ ಹಿಗ್ಗಿಸಿದೆ. ಮೊದಲ ವಾರ ಮಕ್ಕಳು ತಮಗೆ ತೋಚಿದ ಕ್ರಮದಲ್ಲೇ ಕೊಟ್ಟು ತೆಗೆದುಕೊಳ್ಳುತ್ತಾರೆ, ಏನನ್ನೂ ಬರೆಯುವುದಿಲ್ಲ. ಎರಡನೇ ವಾರ ಬಿಡಿಗಳನ್ನು ಮೊದಲು ಕೊಡಬೇಕೆಂಬ ನಿಯಮ ಬರುತ್ತದೆ, ಒಬ್ಬರು ಕಂಬಿ ಮುರಿಸಿದ ಕ್ಷಣದಲ್ಲೇ ಜೊತೆಗಾರರು ಸ್ಲೇಟಿನಲ್ಲಿ 5 ಹೊಡೆದು 4 ಎಂದೂ, 2ರ ಜಾಗದಲ್ಲಿ 12 ಎಂದೂ ಬರೆಯುತ್ತಾರೆ. ಮೂರನೇ ವಾರ ವಸ್ತುಗಳನ್ನು ಮೇಜಿನ ಮೇಲೆ ಮುಚ್ಚಿಟ್ಟು, ಕಂಬಿಗೆ ಒಂದು ಗೆರೆ, ಬಿಡಿಗೆ ಒಂದು ಚುಕ್ಕೆ ಹಾಕಿ ಚಿತ್ರದಲ್ಲಿ ಲೆಕ್ಕ ಮಾಡುತ್ತಾರೆ. ಚಿತ್ರವೂ ಬೇಡವೆಂದು ಮಕ್ಕಳೇ ಬಿಡುವವರೆಗೆ ನಾನಾಗಿ ಅದನ್ನು ನಿಲ್ಲಿಸುವುದಿಲ್ಲ.

ಕೈಯಲ್ಲಿ ಮಾಡಿದ್ದು, ಚಿತ್ರದಲ್ಲಿ ಕಂಡದ್ದು, ಕೊನೆಗೆ ಸಂಕೇತ ಎಂಬ ಈ ಮೂರು ಮಜಲುಗಳನ್ನು ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ವಿವರಿಸಿದ್ದರು. ಸಿಂಗಪುರದ ಶಾಲೆಗಳು 1980ರ ದಶಕದಿಂದ ತಮ್ಮ ಗಣಿತ ಬೋಧನೆಯನ್ನು ಇದರ ಮೇಲೆಯೇ ಕಟ್ಟಿದವು. ನಮ್ಮಲ್ಲಿ 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಅನುಭವ, ಮಾತು, ಚಿತ್ರ, ಸಂಕೇತ ಎಂಬ ನಾಲ್ಕು ಹೆಜ್ಜೆಗಳನ್ನು ಹೇಳುತ್ತದೆ. ಮಾತನ್ನು ಪ್ರತ್ಯೇಕ ಹೆಜ್ಜೆಯಾಗಿ ಸೇರಿಸಿರುವುದು ಬಹಳ ಸರಿಯಾದ ನಿರ್ಧಾರವೆಂದು ‘ಮುರಿಸುವುದು’ ಎಂಬ ಒಂದೇ ಪದ ನನಗೆ ಮನವರಿಕೆ ಮಾಡಿಕೊಟ್ಟಿದೆ.

ಕಂಬಿ ಮುರಿಯುವುದಿಲ್ಲ ಎಂಬ ಆ ಹುಡುಗಿಯ ಮಾತಿಗೆ ಇನ್ನೂ ಒಂದು ಅರ್ಥವಿದೆ. ಪ್ಲಾಸ್ಟಿಕ್ ಕಂಬಿಯೊಳಗೆ ಹತ್ತು ಬಿಡಿಗಳಿವೆ ಎಂದು ಮಗು ನಮ್ಮ ಮಾತಿನ ಮೇಲೆ ನಂಬಬೇಕು. ಐಸ್‌ಕ್ರೀಮ್ ಕಡ್ಡಿಗಳನ್ನೋ ತೆಂಗಿನ ಗರಿಯ ಕಡ್ಡಿಗಳನ್ನೋ ಹತ್ತು ಹತ್ತರ ಕಟ್ಟಾಗಿ ರಬ್ಬರ್‌ಬ್ಯಾಂಡ್ ಹಾಕಿಟ್ಟರೆ ಆ ನಂಬಿಕೆಯ ಅಗತ್ಯವೇ ಇಲ್ಲ, ಕಟ್ಟು ಬಿಚ್ಚಿದರೆ ಹತ್ತು ಕಡ್ಡಿ ಕಣ್ಣೆದುರೇ ಹರಡುತ್ತದೆ. ತೀರಾ ಹಿಂದುಳಿದ ಮಕ್ಕಳಿಗೆ ನಾನು ಕಂಬಿಗೂ ಮೊದಲು ಕಡ್ಡಿ ಕಟ್ಟುಗಳನ್ನು ಕೊಡುತ್ತೇನೆ. ಪೆಟ್ಟಿಗೆಯಲ್ಲಿ ಅವು ಇಲ್ಲ, ಕೈಪಿಡಿಯಲ್ಲಿ ಅವುಗಳ ಪ್ರಸ್ತಾಪವೂ ಇಲ್ಲ. ಹತ್ತಿಪ್ಪತ್ತು ರೂಪಾಯಿಯ ಈ ಸಾಮಾನು ಐದು ಸಾವಿರದ ಪೆಟ್ಟಿಗೆಯಲ್ಲಿ ಮೊದಲ ಸ್ಥಾನ ಪಡೆಯಬೇಕಿತ್ತು.

ಇದಕ್ಕೆ ತದ್ವಿರುದ್ಧ ಅಬ್ಯಾಕಸ್. ಅದರಲ್ಲಿ ಬಿಡಿಯ ಮಣಿಯೂ ನೂರರ ಮಣಿಯೂ ಒಂದೇ ಗಾತ್ರದವು, ಬೆಲೆ ಬದಲಾಗುವುದು ನಿಂತಿರುವ ಜಾಗದಿಂದ ಮಾತ್ರ. ಅದು ಅಂಕಿಗಳ ಬರವಣಿಗೆಗೆ ತೀರಾ ಹತ್ತಿರವಾದ ವಸ್ತು, ಹಾಗೆಯೇ ಇನ್ನೂ ಹತ್ತರ ಕಲ್ಪನೆ ಗಟ್ಟಿಯಾಗದ ಮಗುವಿಗೆ ತೀರಾ ದೂರವಾದ ವಸ್ತು. ಆದರೆ ಕೈಪಿಡಿ ಸ್ಥಾನಬೆಲೆಯ ಪಾಠವನ್ನು ಆರಂಭಿಸುವುದೇ ಅಬ್ಯಾಕಸ್ಸಿನಿಂದ. ಈ ಕ್ರಮ ತಪ್ಪು ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಕಡ್ಡಿ ಕಟ್ಟು, ಕಂಬಿ-ಫಲಕ, ಸ್ಥಾನಬೆಲೆ ಪಟ್ಟಿ, ಅಬ್ಯಾಕಸ್ ಎಂಬ ಸಾಲಿನಲ್ಲಿ ಅದು ಕೊನೆಗೆ ಬಂದಾಗ ಮಾತ್ರ ಅದರಿಂದ ಕೆಲಸವಾಗುತ್ತದೆ.

ಸ್ಥಾನಬೆಲೆ ಪಟ್ಟಿಗಳು ಕಾಗದದ ಸಾಮಾನಾದರೂ ನನಗೆ ಬಹಳ ಮೆಚ್ಚುಗೆಯಾದವು. ‘ನಾನೂರ ಎರಡು’ ಎಂದು ಉಕ್ತಲೇಖನ ಹೇಳಿದರೆ ಹಲವು ಮಕ್ಕಳು 4002 ಎಂದು ಬರೆಯುತ್ತಾರೆ. ಕೇಳಿದ್ದನ್ನು ಕೇಳಿದಂತೆ ಬರೆಯುವುದಾದರೆ ಅದು ಸರಿಯೇ, ನಾನೂರು ಬರೆದರು, ಪಕ್ಕದಲ್ಲಿ ಎರಡು ಬರೆದರು. 400 ಎಂದು ಅಚ್ಚಾದ ಉದ್ದನೆಯ ಪಟ್ಟಿಯ ಮೇಲೆ 2 ಎಂಬ ಚಿಕ್ಕ ಪಟ್ಟಿಯನ್ನು ಬಲತುದಿಗೆ ಸರಿಯಾಗಿ ಕೂರಿಸಿದಾಗ ಕೊನೆಯ ಸೊನ್ನೆ ಮುಚ್ಚಿ 402 ಕಾಣುತ್ತದೆ. ಚಿಕ್ಕ ಪಟ್ಟಿಯನ್ನು ಎತ್ತಿದರೆ ಸೊನ್ನೆ ಅಡಿಯಲ್ಲೇ ಇರುತ್ತದೆ. ಎರಡು ದಿನಗಳಲ್ಲಿ 4002ರ ತಪ್ಪು ಬಹುತೇಕ ಮಕ್ಕಳಲ್ಲಿ ನಿಂತಿತು. ಆದರೆ ಪಟ್ಟಿಗಳ ಕಾಗದ ತೆಳುವಾಗಿದ್ದು ಮೊದಲ ಮಳೆಗಾಲದಲ್ಲೇ ಮುದುರಿಕೊಂಡವು. ಹಳೆಯ ಮದುವೆ ಆಮಂತ್ರಣ ಪತ್ರಿಕೆಗಳ ಬೆನ್ನಿನ ಮೇಲೆ ಬರೆದು ಕತ್ತರಿಸಿಕೊಂಡ ಪಟ್ಟಿಗಳೇ ಈಗ ಬಳಕೆಯಲ್ಲಿವೆ.

ಭಾಗಾಕಾರದ ವಿಚಾರದಲ್ಲಿ ಪೆಟ್ಟಿಗೆ ನಾನು ನಿರೀಕ್ಷಿಸದಷ್ಟು ನೆರವಾಯಿತು. ಮಕ್ಕಳ ಓದು ಮತ್ತು ಗಣಿತದ ಮಟ್ಟವನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯ ಪ್ರಕಾರ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಸಾಮಾನ್ಯ ಭಾಗಾಕಾರ ಮಾಡಬಲ್ಲವರು ಶೇ. 30.7 ಮಾತ್ರ. ಆದ್ದರಿಂದ ವ್ಯವಕಲನಕ್ಕಿಂತಲೂ ಹೆಚ್ಚು ಕಷ್ಟವಾಗುತ್ತದೆಂದು ಹೆದರಿಯೇ ಪಾಠ ಆರಂಭಿಸಿದೆ. 74ನ್ನು ಮೂವರಿಗೆ ಹಂಚಲು ಏಳು ಕಂಬಿ, ನಾಲ್ಕು ಬಿಡಿ ಕೊಟ್ಟೆ. ಮಕ್ಕಳು ಒಬ್ಬೊಬ್ಬರಿಗೆ ಎರಡೆರಡು ಕಂಬಿ ಹಂಚಿದರು, ಒಂದು ಕಂಬಿ ಉಳಿಯಿತು, ಅದನ್ನು ಮುರಿಸಿ ಹದಿನಾಲ್ಕು ಬಿಡಿ ಮಾಡಿಕೊಂಡರು, ನಾಲ್ಕು ನಾಲ್ಕು ಹಂಚಿದರು, ಎರಡು ಉಳಿದವು. ಒಬ್ಬೊಬ್ಬರಿಗೆ 24, ಶೇಷ 2. ಇಲ್ಲಿ ಕೈಯ ಕ್ರಮವೂ ಬರವಣಿಗೆಯ ಕ್ರಮವೂ ಒಂದೇ, ಎರಡೂ ದೊಡ್ಡ ಸ್ಥಾನದಿಂದಲೇ ಆರಂಭವಾಗುತ್ತವೆ. ‘ಪಕ್ಕದ ಅಂಕಿಯನ್ನು ಕೆಳಗಿಳಿಸು’ ಎಂದು ನಾವು ಕಾರಣ ಹೇಳದೆ ಬಾಯಿಪಾಠ ಮಾಡಿಸುವ ಹೆಜ್ಜೆ, ಉಳಿದ ಕಂಬಿಯನ್ನು ಮುರಿಸಿ ನಾಲ್ಕು ಬಿಡಿಗಳ ಜೊತೆ ಸೇರಿಸುವ ಕೆಲಸವಾಗಿ ಮಕ್ಕಳ ಕಣ್ಣೆದುರಿಗೇ ನಡೆಯಿತು. ಹಾಗೆಂದು ಎಲ್ಲರೂ ಕಲಿತರೆಂದು ಹೇಳಲಾರೆ. ಮಗ್ಗಿ ಬಾರದ ಐದಾರು ಮಕ್ಕಳು ಹಂಚುವುದರಲ್ಲೇ ಉಳಿದರು. ಭಾಗಿಸಬೇಕಾದ ಸಂಖ್ಯೆ ಮೂರಂಕಿಯದಾದ ಕೂಡಲೇ ಹಂಚಿಕೆ ಬಹಳ ನಿಧಾನವಾಗುತ್ತದೆ, ಆ ಹಂತದಲ್ಲಿ ಮಗ್ಗಿಗೆ ಯಾವ ವಸ್ತುವೂ ಬದಲಿಯಲ್ಲ.

ಪೆಟ್ಟಿಗೆಯ ಎರಡನೇ ಮುಖ್ಯ ಭಾಗ ಭಿನ್ನರಾಶಿಯದು. ಇಡೀ ಒಂದು ಪಟ್ಟಿಯಿಂದ ಹಿಡಿದು ಅರ್ಧ, ಮೂರನೇ ಒಂದು ಹೀಗೆ ಹನ್ನೆರಡನೇ ಒಂದು ಭಾಗದವರೆಗೆ ಕತ್ತರಿಸಿದ ಬಣ್ಣದ ಪಟ್ಟಿಗಳಿವೆ. 1/6 ಮತ್ತು 1/8ರಲ್ಲಿ ಯಾವುದು ದೊಡ್ಡದು ಎಂದರೆ ಹೆಚ್ಚಿನ ಮಕ್ಕಳು ಎಂಟು ಆರಕ್ಕಿಂತ ದೊಡ್ಡದಲ್ಲವೇ ಎಂದು 1/8 ಎನ್ನುತ್ತಾರೆ. ಪೂರ್ಣ ಸಂಖ್ಯೆಗಳಲ್ಲಿ ಕಲಿತದ್ದನ್ನೇ ಇಲ್ಲಿಗೂ ತರುತ್ತಾರೆ. ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಉತ್ತರ ಕಾಣುತ್ತದೆ ನಿಜ, ಆದರೆ ನನ್ನ ಮಕ್ಕಳು ಒಂದು ವಾರದ ನಂತರ ಹೇಳಿದ್ದು ‘ಹಸಿರು ನೀಲಿಗಿಂತ ದೊಡ್ಡದು’ ಎಂದು. ಪ್ರತಿ ಭಾಗಕ್ಕೂ ಒಂದೊಂದು ಬಣ್ಣ ಕೊಟ್ಟು, ಮೇಲೆ ಭಿನ್ನರಾಶಿಯನ್ನೂ ಅಚ್ಚು ಮಾಡಿರುವುದರಿಂದ ಮಗು ಭಾಗದ ಬಗ್ಗೆ ಯೋಚಿಸುವ ಅಗತ್ಯವೇ ಬೀಳುವುದಿಲ್ಲ. ಬೆಲ್ಜಿಯಂನ ಶಿಕ್ಷಕ ಜಾರ್ಜ್ ಕ್ವಿಸಿನೇರ್ ರೂಪಿಸಿದ ಪ್ರಸಿದ್ಧ ಬಣ್ಣದ ಕೋಲುಗಳ ಮೇಲೆ ಯಾವ ಅಂಕಿಯೂ ಇಲ್ಲ, ಯಾವ ಕೋಲು ಯಾವುದರ ಅರ್ಧ ಎಂಬುದನ್ನು ಮಗು ಅಳೆದೇ ಹೇಳಬೇಕು. ನಮ್ಮ ಪಟ್ಟಿಗಳ ಬೆನ್ನಿನ ಭಾಗ ಪುಣ್ಯಕ್ಕೆ ಬಿಳಿ. ಈಗ ಅವನ್ನು ಬೋರಲು ಹಾಕಿಯೇ ಕೊಡುತ್ತೇನೆ. ಒಂದು ತುಂಡು ಕೊಟ್ಟು, ಇದು ಇಡೀ ಪಟ್ಟಿಯ ಎಷ್ಟನೇ ಭಾಗ ಎಂದು ಕೇಳಿದರೆ, ಮಕ್ಕಳು ಅದನ್ನು ಇಡೀ ಪಟ್ಟಿಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ಸರಿಸಿ ಎಂಟು ಸಲ ಹಿಡಿಯಿತು ಎಂದು ಎಣಿಸಿ ಹೇಳುತ್ತಾರೆ. ಎಂಟು ಸಲ ಹಿಡಿಯಬೇಕಾದರೆ ತುಂಡು ಚಿಕ್ಕದಿರಬೇಕು ಎಂಬ ತಿಳಿವಳಿಕೆ ಹೀಗೆ ಅಳೆಯುವಾಗಲೇ ಬರುತ್ತದೆ.

ಕನ್ನಡದಲ್ಲಿ ಕಲಿಸುವವರಿಗೆ ಇಲ್ಲಿ ದೊಡ್ಡ ಅನುಕೂಲವೊಂದಿದೆ, ಅದನ್ನು ಯಾವ ಕೈಪಿಡಿಯೂ ಬಳಸಿಕೊಂಡದ್ದನ್ನು ನಾನು ಕಂಡಿಲ್ಲ. ‘ಎಂಟರಲ್ಲಿ ಒಂದು ಭಾಗ’ ಎನ್ನುವಾಗ ನಾವು ಛೇದವನ್ನು ಮೊದಲು ಹೇಳುತ್ತೇವೆ. ಎಷ್ಟು ಪಾಲು ಮಾಡಿದೆವು ಎಂಬುದು ಮೊದಲು, ಎಷ್ಟು ಪಾಲು ತೆಗೆದುಕೊಂಡೆವು ಎಂಬುದು ನಂತರ, ಕೈಯಿಂದ ಮಾಡುವ ಕ್ರಮವೂ ಅದೇ. ‘ಒಂದು ಬೈ ಎಂಟು’ ಎಂದು ಓದಿಸಿದಾಗ ಈ ಅರ್ಥವೆಲ್ಲ ಕಳೆದುಹೋಗಿ ಎರಡು ಅಂಕಿಗಳು ಮಾತ್ರ ಉಳಿಯುತ್ತವೆ. ಇನ್ನು ಕಾಲು, ಅರೆ, ಮುಕ್ಕಾಲು ನಮ್ಮ ಮಕ್ಕಳ ದಿನನಿತ್ಯದ ಮಾತು. ಕಾಲು ಕೆ.ಜಿ. ಬೆಲ್ಲ, ಒಂದೂವರೆ ಲೀಟರ್ ಹಾಲು, ಎರಡೂಮುಕ್ಕಾಲು ಗಂಟೆ ಎಂಬುವು ಅವರಿಗೆ ಪಾಠಕ್ಕೆ ಮುಂಚೆಯೇ ಗೊತ್ತು. ಹಿಂದಿನವರು ಕಾಲಿನ ಅರ್ಧಕ್ಕೆ ಅರೆಕಾಲು, ಅದರ ಅರ್ಧಕ್ಕೆ, ಅಂದರೆ ಹದಿನಾರರಲ್ಲಿ ಒಂದಕ್ಕೆ, ವೀಸ ಎನ್ನುತ್ತಿದ್ದರು, ಪೂರ್ಣಾಂಕಗಳ ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ಕಲಿಯುತ್ತಿದ್ದರು. ಒಂದು ಪಟ್ಟಿಯನ್ನು ಮಡಿಸುತ್ತ ಮಡಿಸುತ್ತ ಅರೆ, ಕಾಲು, ಅರೆಕಾಲು, ವೀಸ ಎಂದು ಹೇಳಿಸಿದ ದಿನ ತರಗತಿಯಲ್ಲಿ ಇದ್ದ ಉತ್ಸಾಹ ನನಗೆ ಈಗಲೂ ನೆನಪಿದೆ. ಮರುದಿನ ಒಬ್ಬ ಹುಡುಗ ತನ್ನ ಅಜ್ಜಿಯಿಂದ ಮುಕ್ಕಾಲು ಮಗ್ಗಿಯನ್ನು ಅರ್ಧದಷ್ಟು ಕಲಿತು ಬಂದಿದ್ದ. ಪೆಟ್ಟಿಗೆಯ ಪಟ್ಟಿಗಳು ಹನ್ನೆರಡಕ್ಕೆ ನಿಲ್ಲುವುದರಿಂದ ಹದಿನಾರರ ಪಟ್ಟಿಗಳನ್ನು ರಟ್ಟಿನಲ್ಲಿ ನಾನೇ ಕತ್ತರಿಸಿ ಸೇರಿಸಿದ್ದೇನೆ.

ಭಿನ್ನರಾಶಿಗಳನ್ನು ಕೂಡುವಾಗ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 1/2 + 1/3 = 2/5 ಎಂದು ಬರೆಯುವ ತಪ್ಪು ಪ್ರತಿ ವರ್ಷವೂ ಬರುತ್ತದೆ. ಅದನ್ನು ಕೆಂಪು ಶಾಯಿಯಿಂದ ತಿದ್ದಿ ಪ್ರಯೋಜನವಾಗಿಲ್ಲ. ಈ ಸಲ ಅರ್ಧದ ಪಟ್ಟಿಯನ್ನೂ ಐದರಲ್ಲಿ ಎರಡು ಭಾಗವನ್ನೂ ಒಂದರ ಕೆಳಗೊಂದು ಇಡಲು ಹೇಳಿದೆ. ಐದರಲ್ಲಿ ಎರಡು ಅರ್ಧಕ್ಕಿಂತ ಚಿಕ್ಕದಾಗಿ ಕಂಡಿತು. “ಕೂಡಿದ ಮೇಲೆ ಕಮ್ಮಿ ಹೆಂಗಾಯ್ತದೆ?” ಎಂದು ಒಬ್ಬಳು ಕೇಳಿದಳು. ತರಗತಿ ಅದರ ಉತ್ತರವನ್ನು ಇಪ್ಪತ್ತು ನಿಮಿಷ ಹುಡುಕಿತು, ನಾನು ಬಾಯಿ ಬಿಡಲಿಲ್ಲ. ಅರ್ಧಕ್ಕೂ ಮೂರನೇ ಒಂದಕ್ಕೂ ಸರಿಹೊಂದುವ ತುಂಡು ಆರರದ್ದು ಎಂದು ಹಿಂದಿನ ಸಾಲಿನ ಗುಂಪು ಕಂಡುಹಿಡಿಯಿತು: ಆರರಲ್ಲಿ ಮೂರು, ಆರರಲ್ಲಿ ಎರಡು, ಒಟ್ಟು ಆರರಲ್ಲಿ ಐದು. ಸಮಚ್ಛೇದ ಎಂಬ ಪದವನ್ನು ನಾನು ಬೋರ್ಡಿನ ಮೇಲೆ ಬರೆದದ್ದು ಅದರ ನಂತರ.

ವೃತ್ತದ ತುಂಡುಗಳ ಬಗ್ಗೆ ಬೇಸರದಿಂದಲೇ ಬರೆಯಬೇಕಾಗಿದೆ. ಒಂದು ಪೆಟ್ಟಿಗೆಯಲ್ಲಿ ಮೂರನೇ ಒಂದರ ಮೂರು ತುಂಡುಗಳು ಸೇರಿ ಪೂರ್ಣ ವೃತ್ತವಾಗುವುದಿಲ್ಲ, ಸಂದಿ ಉಳಿಯುತ್ತದೆ. ಮೂರು ಮೂರನೇ ಭಾಗ ಸೇರಿದರೆ ಒಂದು ಎಂದು ಕಲಿಸಲು ಇರುವ ವಸ್ತುವೇ ಅದನ್ನು ಸುಳ್ಳು ಮಾಡಿದರೆ, ಮಗು ನಂಬುವುದು ತನ್ನ ಕಣ್ಣನ್ನು. ಆ ತುಂಡುಗಳನ್ನು ತೆಗೆದಿರಿಸಿದ್ದೇನೆ. ಮಾರಾಟಗಾರರಿಗೆ ಎರಡು ಸಲ ಪತ್ರ ಬರೆದರೂ ಬದಲಿ ತುಂಡುಗಳು ಬರಲಿಲ್ಲ.

ದಶಮಾಂಶಕ್ಕೆ ಕೈಪಿಡಿ ಸೂಚಿಸುವ ದಾರಿಯೂ ನನಗೆ ಒಪ್ಪಿಗೆಯಿಲ್ಲ. ನೂರರ ಫಲಕವನ್ನೇ ಈಗ ಒಂದು ಎಂದು ಕರೆಯಿರಿ, ಕಂಬಿ 0.1, ಬಿಡಿ 0.01 ಎನ್ನುತ್ತದೆ ಅದು. ಒಂದು ವರ್ಷವಿಡೀ ಬಿಡಿ ಘನವನ್ನು ಒಂದು ಎಂದು ಹಿಡಿದ ಕೈಗೆ ಈ ಹೆಸರು ಬದಲಾವಣೆ ಗೊಂದಲವನ್ನೇ ತಂದಿತು. ಅಳತೆ ಟೇಪು ಈ ಕೆಲಸಕ್ಕೆ ಎಷ್ಟೋ ಮೇಲು. 0.35 ಮತ್ತು 0.4ರಲ್ಲಿ ದೊಡ್ಡದು ಯಾವುದೆಂದರೆ ಮೂವತ್ತೈದು ನಾಲ್ಕಕ್ಕಿಂತ ದೊಡ್ಡದೆಂದು ಮಕ್ಕಳು 0.35 ಎನ್ನುತ್ತಾರೆ. ಒಂದು ಮೀಟರಿನ ದಾರದಲ್ಲಿ 35 ಸೆಂಟಿಮೀಟರಿಗೂ 40 ಸೆಂಟಿಮೀಟರಿಗೂ ಗಂಟು ಹಾಕಿಸಿದರೆ ಮಾತು ಅಲ್ಲಿಗೆ ಮುಗಿಯುತ್ತದೆ.

ಉಳಿದ ಸಾಮಾನುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊಳೆ ಹಲಗೆ ಸುತ್ತಳತೆ ಮತ್ತು ವಿಸ್ತೀರ್ಣಗಳ ವ್ಯತ್ಯಾಸ ತಿಳಿಸಲು ಚೆನ್ನಾಗಿದೆ, ಆದರೆ ಜೊತೆಗೆ ಬಂದ ರಬ್ಬರ್‌ಬ್ಯಾಂಡುಗಳು ಒಂದು ತಿಂಗಳಲ್ಲಿ ತುಂಡಾದವು. ಕೋನಮಾಪಕ ಸಾಮಾನ್ಯವಾದದ್ದು. ಗಡಿಯಾರದ ಗಂಟೆ ಮುಳ್ಳು ನಿಮಿಷದ ಮುಳ್ಳಿನ ಜೊತೆ ಚಲಿಸದೆ ಬೇರೆಯಾಗಿಯೇ ತಿರುಗುವುದರಿಂದ ಮೂರೂವರೆಗೆ ಗಂಟೆಯ ಮುಳ್ಳು ಎಲ್ಲಿರಬೇಕೆಂಬುದು ಅದರಿಂದ ತಿಳಿಯುವುದಿಲ್ಲ, ಶಾಲೆಯ ಹಳೆಯ ಗೋಡೆ ಗಡಿಯಾರವನ್ನೇ ಇಳಿಸಿಕೊಂಡು ಬಳಸುತ್ತೇನೆ. ತಕ್ಕಡಿ ಖಾಲಿಯಿದ್ದಾಗಲೂ ಒಂದು ಪಕ್ಕಕ್ಕೆ ವಾಲುತ್ತದೆ, ಹಗುರವಾದ ತಟ್ಟೆಗೆ ಕಾಗದದ ಚೂರು ಅಂಟಿಸಿ ಸರಿಮಾಡಿಕೊಂಡೆ. ಹಾಗೆ ಮಾಡಿದ್ದು ಸಾರ್ಥಕವಾಯಿತು. 8 + 4 = __ + 5 ಎಂಬ ಲೆಕ್ಕದಲ್ಲಿ ಐದನೇ ತರಗತಿಯ ಹೆಚ್ಚಿನ ಮಕ್ಕಳು 12 ಎಂದು ತುಂಬಿದ್ದರು, ಸಮ ಚಿಹ್ನೆ ಎಂದರೆ ‘ಉತ್ತರ ಬರೆ’ ಎಂದೇ ಅವರು ತಿಳಿದಿದ್ದರು. ಎಡತಟ್ಟೆಯಲ್ಲಿ ಎಂಟು ಮತ್ತು ನಾಲ್ಕು ಬಿಡಿ ಘನ, ಬಲತಟ್ಟೆಯಲ್ಲಿ ಐದು ಇಟ್ಟು ಸಮತೂಕ ಮಾಡಲು ಹೇಳಿದಾಗ ಏಳು ಘನಗಳನ್ನು ಅವರೇ ಹಾಕಿದರು.

ಕೈಪಿಡಿಯ ಭಾಷೆ ಬೇರೆ ಭಾಷೆಯಿಂದ ಪದಕ್ಕೆ ಪದ ಇಳಿಸಿದಂತಿದೆ. ‘ಘಟಕ’, ‘ಮರುಗುಂಪು’ ಎಂಬಂಥ ಪದಗಳನ್ನು ಮಕ್ಕಳೂ ಬಳಸುವುದಿಲ್ಲ, ಶಿಕ್ಷಕರೂ ಬಳಸುವುದಿಲ್ಲ. ಬಿಡಿ, ಹತ್ತು, ನೂರು, ದಶಕ ಎಂದು ಪಠ್ಯಪುಸ್ತಕದಲ್ಲೇ ಇರುವ ಪದಗಳನ್ನು ಬಿಟ್ಟು ಹೊಸದನ್ನು ಹುಡುಕುವ ಅಗತ್ಯವಿರಲಿಲ್ಲ. ಪ್ರತಿ ಪಾಠದ ಕೊನೆಯಲ್ಲಿ ವೀಡಿಯೋ ನೋಡಲು ಕ್ಯೂಆರ್ ಕೋಡ್ ಕೊಟ್ಟಿದ್ದಾರೆ, ತೆರೆದರೆ ವಿವರಣೆ ಇಂಗ್ಲಿಷಿನಲ್ಲಿದೆ. ಇದಕ್ಕಿಂತ ಮುಖ್ಯವಾಗಿ, ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪುಗಳ ಒಂದು ಪಟ್ಟಿಯೂ ಆ ನೂರು ಪುಟಗಳಲ್ಲಿ ಎಲ್ಲಿಯೂ ಇಲ್ಲ. 35, 4002, 2/5 ಎಂಬ ಈ ಮೂರು ತಪ್ಪು ಉತ್ತರಗಳಿಂದ ಪಾಠ ಆರಂಭಿಸುವ ಕೈಪಿಡಿಯೊಂದು ಬಂದರೆ ಅರ್ಧದಷ್ಟು ವಸ್ತುಗಳಿರುವ ಪೆಟ್ಟಿಗೆಯೂ ಸಾಕು.

ಸಮಯದ ಪ್ರಶ್ನೆಯನ್ನು ಸಹೋದ್ಯೋಗಿಗಳು ಯಾವಾಗಲೂ ಕೇಳುತ್ತಾರೆ. ಮೂರು ವಾರ ವ್ಯವಕಲನಕ್ಕೇ ಹೋದರೆ ಪಾಠಗಳನ್ನು ಮುಗಿಸುವುದು ಹೇಗೆ ಎಂಬುದು ನ್ಯಾಯವಾದ ಪ್ರಶ್ನೆ. ಮೊದಲ ವರ್ಷ ನನಗೆ ಪಾಠಗಳು ಜನವರಿಯ ಕೊನೆಗೆ ಹಿಂದೆ ಬಿದ್ದಿದ್ದವು, ಎರಡನೇ ವರ್ಷ ಬೀಳಲಿಲ್ಲ. ಸ್ಥಾನಬೆಲೆ ಗಟ್ಟಿಯಾದ ಮಕ್ಕಳಿಗೆ ಗುಣಾಕಾರ, ಭಾಗಾಕಾರ, ಹಣ, ಅಳತೆಗಳ ಪಾಠಗಳಲ್ಲಿ ಪರಿಹಾರ ಬೋಧನೆಯ ಅವಧಿ ಕಡಿಮೆ ಬೇಕಾಯಿತು, ಅಲ್ಲಿ ಉಳಿದ ದಿನಗಳು ಇಲ್ಲಿಗೆ ಸರಿಹೋದವು.

ಮನೆಗೆ ಕೊಳ್ಳಬೇಕೆಂದಿರುವ ಪೋಷಕರು ಇಡೀ ಪೆಟ್ಟಿಗೆಯನ್ನು ಕೊಳ್ಳಬೇಕಾಗಿಲ್ಲ. ಕಡ್ಡಿ ಕಟ್ಟುಗಳು, ಹುಣಸೆ ಬೀಜಗಳು, ಕಾಗದ ಮಡಿಸಿ ಮಾಡಿದ ಭಿನ್ನರಾಶಿ ಪಟ್ಟಿಗಳು ಮತ್ತು ಒಂದು ಟೇಪು ಇದ್ದರೆ ಐದನೇ ತರಗತಿಯವರೆಗೆ ಸಾಕಾಗುತ್ತದೆ. ಶಾಲೆಗೆ ಕೊಳ್ಳುವ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮತ್ತು ದಾನಿಗಳು ಹಣ ಕೊಡುವ ಮೊದಲು ಅಂಗಡಿಯಲ್ಲೇ ಪೆಟ್ಟಿಗೆ ಬಿಚ್ಚಿಸಿ ನಾಲ್ಕು ವಿಷಯಗಳನ್ನು ನೋಡಬೇಕು. ಮೂರನೇ ಒಂದರ ಮೂರು ತುಂಡುಗಳನ್ನು ಜೋಡಿಸಿದರೆ ವೃತ್ತ ಸಂದಿಯಿಲ್ಲದೆ ಕೂಡಬೇಕು. ಹತ್ತು ಬಿಡಿ ಘನಗಳನ್ನು ಸಾಲಾಗಿಟ್ಟರೆ ಕಂಬಿಯ ಉದ್ದಕ್ಕೆ ಸರಿಯಾಗಿ ಹೊಂದಬೇಕು. ಖಾಲಿ ತಕ್ಕಡಿ ಸಮವಾಗಿ ನಿಲ್ಲಬೇಕು. ಕೊನೆಯದಾಗಿ, ಆರು ಮಕ್ಕಳ ಒಂದು ಗುಂಪಿಗೆ ಕನಿಷ್ಠ ನಲವತ್ತು ಬಿಡಿ ಘನಗಳಾದರೂ ಬರುವಂತಿರಬೇಕು. ನಮ್ಮ ಎರಡು ಪೆಟ್ಟಿಗೆಗಳನ್ನು ಸೇರಿಸಿದರೂ ಅಷ್ಟು ಬರಲಿಲ್ಲ, ಕಂಬಿ ಮುರಿಸಿಕೊಳ್ಳಲು ಬಂದ ಮಕ್ಕಳು ಬಿಡಿ ಘನಗಳಿಗಾಗಿ ಇನ್ನೊಂದು ಗುಂಪಿನ ಲೆಕ್ಕ ಮುಗಿಯುವವರೆಗೆ ಕಾದು ನಿಲ್ಲಬೇಕಾಗುತ್ತಿತ್ತು.